ವರದಿಯಲ್ಲಿ ಪಾಸು, ಹೊಳೆಯಲ್ಲಿ ಸತ್ತ ಮೀನು: ಸಣ್ಣ ಪಟ್ಟಣದ ಕೊಳಚೆನೀರು ಘಟಕವೊಂದರ ಪ್ರಕರಣ ಅಧ್ಯಯನ

ಬೇಸಿಗೆಯಲ್ಲಿ ಹೊಳೆ ಸೊರಗುತ್ತಿದ್ದಂತೆ ಪಟ್ಟಣದ ಕೆಳಗಿನ ಐದಾರು ಕಿಲೋಮೀಟರಿನಲ್ಲಿ ಮೀನು ಸತ್ತು ತೇಲುತ್ತವೆ. ದಂಡೆಯ ಜನ ದೂರು ಕೊಡುತ್ತಾರೆ. ಶುದ್ಧೀಕರಣ ಘಟಕದವರು ತಿಂಗಳ ವರದಿ ತೆಗೆದು ತೋರಿಸುತ್ತಾರೆ: ಹೊರಬಿಡುವ ನೀರಿನ ಬಿಒಡಿ (ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ) ಲೀಟರಿಗೆ 18 ಮಿ.ಗ್ರಾಂ, ಮಿತಿ 20. ಎರಡು ಕಡೆಯವರ ಮಾತೂ ನಿಜ. ಮೀನು ಸಾಯುವುದೂ ನಿಜ, ವರದಿ ಪಾಸಾಗುವುದೂ ನಿಜ. ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ, ಹೊಸ ಘಟಕ ಕಟ್ಟದೆ ಇದನ್ನು ಹೇಗೆ ಸರಿಪಡಿಸಬಹುದು ಎಂಬುದೇ ಈ ಪ್ರಕರಣ.

ಇದು ಹೆಸರಿಟ್ಟು ಹೇಳುವ ಒಂದು ಊರಿನ ಕತೆಯಲ್ಲ. 20,000 ಜನರ ಪಟ್ಟಣಕ್ಕೆ ಹೊಂದುವ ಅಂಕಿಗಳನ್ನು ಇಟ್ಟುಕೊಂಡು ಕಟ್ಟಿದ ಮಾದರಿ ಪ್ರಕರಣ. ಅಂಕಿಗಳನ್ನು ಬದಲಿಸಿಕೊಂಡರೆ ಲೆಕ್ಕದ ದಾರಿ ಯಾವ ಊರಿಗಾದರೂ ಅದೇ.

ಊರು, ಘಟಕ, ಹೊಳೆ

20,000 ಜನರಲ್ಲಿ 16,000 ಜನರ ಮನೆಗಳು ಒಳಚರಂಡಿಗೆ ಸೇರಿವೆ. ಉಳಿದವರದ್ದು ಸೆಪ್ಟಿಕ್ ಟ್ಯಾಂಕು ಮತ್ತು ಗುಂಡಿ. ಘಟಕಕ್ಕೆ ದಿನಕ್ಕೆ 2,400 ಘನ ಮೀಟರ್ ಕೊಳಚೆನೀರು ಬರುತ್ತದೆ, ಅಂದರೆ ಗಂಟೆಗೆ ಸರಾಸರಿ 100 ಘನ ಮೀಟರ್, ಸೆಕೆಂಡಿಗೆ 28 ಲೀಟರ್. ಬರುವ ನೀರಿನ ಬಿಒಡಿ 300 ಮಿ.ಗ್ರಾಂ, ಸಾವಯವ ಸಾರಜನಕ ಮತ್ತು ಅಮೋನಿಯಾ ಸೇರಿ 50 ಮಿ.ಗ್ರಾಂ, ಕ್ಷಾರೀಯತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, 300 ಮಿ.ಗ್ರಾಂ (ಎಲ್ಲವೂ ಲೀಟರಿಗೆ, ಅಮೋನಿಯಾ ಅಂಕಿಗಳೆಲ್ಲ ಸಾರಜನಕದ ಲೆಕ್ಕದಲ್ಲಿ, ಕ್ಷಾರೀಯತೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ).

ಘಟಕ ಆಕ್ಸಿಡೇಶನ್ ಡಿಚ್ ಮಾದರಿಯದು: ಕೊಳಚೆನೀರು ಬ್ಯಾಕ್ಟೀರಿಯಾ ತುಂಬಿದ ಕೆಸರಿನ ಜೊತೆ ಗಾಳಿ ಹಾಯಿಸಿದ ಕಾಲುವೆಯಲ್ಲಿ ಸುತ್ತುತ್ತದೆ. ನೆದರ್‌ಲೆಂಡ್ಸಿನ ಪಾಸ್‌ವೀರ್ ಅವರು 1954ರಲ್ಲಿ ವೂರ್‌ಸ್ಖೋಟನ್ ಎಂಬಲ್ಲಿ ಇಂಥ ಮೊದಲ ಕಾಲುವೆಯನ್ನು ಸಣ್ಣ ಊರುಗಳಿಗೆಂದೇ ನಡೆಸಿ ತೋರಿಸಿದ್ದರು. ಇಲ್ಲಿನ ಡಿಚ್‌ನ ಗಾತ್ರ 2,400 ಘನ ಮೀಟರ್, ನೀರು ಅದರಲ್ಲಿ ಸುಮಾರು ಒಂದು ದಿನ ಸುತ್ತುತ್ತದೆ. ನೀರಿಗೆ ಗಾಳಿ ಬೆರೆಸುವ 15 ಕಿಲೋವ್ಯಾಟಿನ ನಾಲ್ಕು ಏರೇಟರ್, ಕೆಸರು ತಳಕ್ಕೆ ಕೂತು ತಿಳಿನೀರು ಬೇರೆಯಾಗುವ 16 ಮೀಟರ್ ವ್ಯಾಸದ ಒಂದು ಕ್ಲಾರಿಫೈಯರ್, ಕೆಸರು ಒಣಗಿಸಲು 800 ಚದರ ಮೀಟರ್ ಮರಳಿನ ಬೆಡ್, ಕೊನೆಗೆ ಕ್ಲೋರಿನ್ ತೊಟ್ಟಿ.

ಹೊಳೆಯಲ್ಲಿ ಕಡುಬೇಸಿಗೆಯ ಹರಿವು ಸೆಕೆಂಡಿಗೆ 150 ಲೀಟರ್. ಪಟ್ಟಣದ ಮೇಲ್ಗಡೆ ನೀರು ಚೆನ್ನಾಗಿದೆ: ಬಿಒಡಿ 2, ಅಮೋನಿಯಾ 0.2, ಕರಗಿದ ಆಮ್ಲಜನಕ 7 ಮಿ.ಗ್ರಾಂ, ತಾಪಮಾನ 26 ಡಿಗ್ರಿ.

ಕಾಗದದ ಮೇಲೆ ಹೊಳೆ

ಮೊದಲ ಕೆಲಸ ಯಂತ್ರ ನೋಡುವುದಲ್ಲ, ಹೊಳೆಯ ಲೆಕ್ಕ ಹಾಕುವುದು. ಘಟಕದ 28 ಲೀಟರಿಗೆ ಹೊಳೆಯ 150 ಲೀಟರ್, ಅಂದರೆ ಐದೂವರೆ ಪಟ್ಟೂ ಇಲ್ಲ. ಬಿಒಡಿ 20, ತೇಲುಕಣ 30 ಎಂಬ ಹಳೆಯ ಮಿತಿಯ ಮೂಲ ಬ್ರಿಟನ್ನಿನ ರಾಯಲ್ ಕಮಿಷನ್ನಿನ 1912ರ ವರದಿ. ಆ ಅಂಕಿಗಳ ಜೊತೆ ಒಂದು ಷರತ್ತೂ ಇತ್ತು: ಬಿಟ್ಟ ನೀರಿನ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ನದಿಯಲ್ಲಿ ಇರಬೇಕು. ಅಂಕಿಗಳು ಲೋಕವೆಲ್ಲ ಸುತ್ತಿದವು, ಷರತ್ತು ಹಿಂದೆಯೇ ಉಳಿಯಿತು. ಸಣ್ಣ ಊರಿನ ಸಣ್ಣ ಹೊಳೆಗೆ ಬೇಕಿರುವುದು ಆ ಷರತ್ತೇ.

ಬೆರೆತ ನೀರಿನ ಬಿಒಡಿ ಹೀಗೆ: 150ನ್ನು 2ರಿಂದ, 28ನ್ನು 18ರಿಂದ ಗುಣಿಸಿ, ಕೂಡಿಸಿ, 178ರಿಂದ ಭಾಗಿಸಿದರೆ 4.5 ಮಿ.ಗ್ರಾಂ. ಚೆನ್ನಾಗಿಲ್ಲ, ಆದರೆ ಮೀನು ಕೊಲ್ಲುವಷ್ಟು ಕೆಟ್ಟೂ ಇಲ್ಲ. ವರದಿಯಲ್ಲಿ ಇಲ್ಲದ ಅಂಕಿಯನ್ನು ಈಗ ಹಾಕಬೇಕು. ಹೊರಬಿಡುವ ನೀರಿನ ಅಮೋನಿಯಾ ಅಳೆದರೆ 32 ಮಿ.ಗ್ರಾಂ. ಬೆರೆತ ಮೇಲೆ ಹೊಳೆಯಲ್ಲಿ 5.2.

ಒಂದು ಮಿ.ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಮಿ.ಗ್ರಾಂ ಆಮ್ಲಜನಕ ಬೇಕು. ಹಾಗಾಗಿ 5.2 ಮಿ.ಗ್ರಾಂ ಅಮೋನಿಯಾದ ಹೊಟ್ಟೆಗೆ ಸುಮಾರು 24 ಮಿ.ಗ್ರಾಂ ಆಮ್ಲಜನಕ. 26 ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳುವುದೇ 8 ಮಿ.ಗ್ರಾಂ. ಗಾಳಿಯಿಂದ ಹೊಸದಾಗಿ ಕರಗುತ್ತಾ ಹೋಗುತ್ತದೆ, ನಿಜ. ಆದರೆ ನಿಧಾನವಾಗಿ ಹರಿಯುವ ಹೊಳೆಯಲ್ಲಿ ಅದು ಈ ಹಸಿವಿಗೆ ಸಾಲುವುದಿಲ್ಲ. ಆಮ್ಲಜನಕ ಅತಿ ಕಡಿಮೆಯಾಗುವ ಜಾಗ ಕೊಳವೆಯ ಬಾಯಲ್ಲಿ ಇರುವುದಿಲ್ಲ, ಕೆಲವು ಕಿಲೋಮೀಟರ್ ಕೆಳಗೆ ಇರುತ್ತದೆ. ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಒಹಾಯೊ ನದಿಯ ಮೇಲೆ ತೋರಿಸಿದ ತಗ್ಗು ಇದೇ.

ಬಿಒಡಿ ಪರೀಕ್ಷೆಗೆ ಇದು ಏಕೆ ಕಾಣುವುದಿಲ್ಲ? ಪರೀಕ್ಷೆ 20 ಡಿಗ್ರಿಯಲ್ಲಿ ಐದು ದಿನದ್ದು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವಂಥವು. ಮೊದಲೇ ಸಾಕಷ್ಟು ಸಂಖ್ಯೆಯಲ್ಲಿ ಇರದಿದ್ದರೆ ಐದು ದಿನದಲ್ಲಿ ಅವುಗಳ ಕೆಲಸ ಬಾಟಲಿಯಲ್ಲಿ ಗೊತ್ತಾಗುವುದಿಲ್ಲ. ಇದ್ದರೂ ಅನೇಕ ಪ್ರಯೋಗಾಲಯಗಳು ಅಲೈಲ್‌ಥಯೋಯೂರಿಯಾ ಹಾಕಿ ಅವನ್ನು ತಡೆದೇ ಅಳೆಯುತ್ತವೆ. ಪರೀಕ್ಷೆ ಸುಳ್ಳು ಹೇಳುತ್ತಿಲ್ಲ. ನಾವು ಕೇಳಿದ್ದು ಇಂಗಾಲದ ಪ್ರಶ್ನೆ ಮಾತ್ರ.

ಆಮ್ಲಜನಕದ ಮಾತು ಹೀಗಾದರೆ ವಿಷದ ಮಾತು ಬೇರೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಅಯಾನು ಆಗದ ರೂಪ ಮೀನಿನ ಕಿವಿರಿಗೆ ವಿಷ. ಅದರ ಪಾಲು ಪಿಎಚ್ ಮೇಲೆ ನಿಂತಿದೆ. 26 ಡಿಗ್ರಿಯಲ್ಲಿ ಪಿಎಚ್ 8 ಇದ್ದರೆ ಸುಮಾರು 5.7 ಶೇಕಡ, ಅಂದರೆ ನಮ್ಮ ಹೊಳೆಯಲ್ಲಿ 0.3 ಮಿ.ಗ್ರಾಂ. ಮಧ್ಯಾಹ್ನ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ 8.6ಕ್ಕೆ ಏರಿಸಿದರೆ 19 ಶೇಕಡ ದಾಟುತ್ತದೆ, ಅಂದರೆ 1 ಮಿ.ಗ್ರಾಂ. ಸೂಕ್ಷ್ಮ ಜಾತಿಯ ಮೀನುಗಳಿಗೆ 0.2 ಮಿ.ಗ್ರಾಂ ಸಾಕು. ಹೀಗೆ ಮಧ್ಯಾಹ್ನ ವಿಷ, ನಸುಕಿನಲ್ಲಿ ಉಸಿರುಗಟ್ಟು. ಕಾರಣ ಎರಡಕ್ಕೂ ಒಂದೇ.

ಮಾದರಿ ತೆಗೆಯುವ ಹೊತ್ತು

ಬೆಳಗ್ಗೆ ಹತ್ತಕ್ಕೆ ತೆಗೆದ ಹೊಳೆಯ ಮಾದರಿ ಈ ಪ್ರಕರಣದಲ್ಲಿ ಏನೂ ಹೇಳುವುದಿಲ್ಲ. ಆ ಹೊತ್ತಿಗೆ ಬಿಸಿಲು ಬಿದ್ದು ಪಾಚಿ ಆಮ್ಲಜನಕ ಬಿಡಲು ಶುರುಮಾಡಿರುತ್ತದೆ, ಪಿಎಚ್ ಇನ್ನೂ ಏರಿರುವುದಿಲ್ಲ. ದಿನದ ಎರಡು ತುದಿಗಳನ್ನು ಹಿಡಿಯಬೇಕು: ಸೂರ್ಯ ಹುಟ್ಟುವ ಮೊದಲು ಒಂದು ಸಲ, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಂದು ಸಲ. ಜಾಗ ನಾಲ್ಕು: ಕೊಳವೆಯ 200 ಮೀಟರ್ ಮೇಲೆ, 100 ಮೀಟರ್ ಕೆಳಗೆ, 1 ಕಿಲೋಮೀಟರ್ ಕೆಳಗೆ, 5 ಕಿಲೋಮೀಟರ್ ಕೆಳಗೆ. 100 ಮೀಟರಿನಲ್ಲಿ ಎರಡೂ ದಂಡೆಯಿಂದ ತೆಗೆಯಬೇಕು, ಏಕೆಂದರೆ ಬಿಟ್ಟ ನೀರು ಬಹಳ ದೂರದವರೆಗೆ ತನ್ನ ದಂಡೆಯನ್ನೇ ಹಿಡಿದು ಹರಿಯುತ್ತದೆ. ಎದುರು ದಂಡೆಯಲ್ಲಿ ಬಾಟಲಿ ಅದ್ದಿದವರಿಗೆ ಎಲ್ಲವೂ ಚೆಂದ ಕಾಣುತ್ತದೆ. ಕರಗಿದ ಆಮ್ಲಜನಕ, ಪಿಎಚ್, ತಾಪಮಾನ ಅಲ್ಲಿಯೇ ಅಳೆಯಬೇಕು. ಅಮೋನಿಯಾದ ಬಾಟಲಿ ಐಸ್ ಪೆಟ್ಟಿಗೆಗೆ ಹೋಗಬೇಕು.

ನಮ್ಮ ಪ್ರಕರಣದಲ್ಲಿ 5 ಕಿಲೋಮೀಟರ್ ಕೆಳಗೆ ನಸುಕಿನ ಆಮ್ಲಜನಕ 2.1 ಮಿ.ಗ್ರಾಂ, ಮಧ್ಯಾಹ್ನ 9.5. ಸರಾಸರಿ ತೆಗೆದರೆ ಆರೋಗ್ಯವಾಗಿಯೇ ಕಾಣುತ್ತದೆ. ಮೀನು ಸರಾಸರಿಯಲ್ಲಿ ಬದುಕುವುದಿಲ್ಲ.

ಏರೇಟರಿನ ಗಂಟೆಗಳು

ಈಗ ಘಟಕದ ಒಳಗೆ. 15 ದಿನದ ಕೆಸರಿನ ವಯಸ್ಸಿನಲ್ಲಿ (ಕೆಸರು ತೆಗೆಯುವ ಮೊದಲು ಡಿಚ್‌ನಲ್ಲಿ ಸರಾಸರಿ ಉಳಿಯುವ ದಿನಗಳು) ಒಂದು ಕೆ.ಜಿ. ಬಿಒಡಿ ತೆಗೆಯಲು ಸುಮಾರು 1.2 ಕೆ.ಜಿ. ಆಮ್ಲಜನಕ ಬೇಕು. ದಿನಕ್ಕೆ ತೆಗೆಯುವ ಬಿಒಡಿ 700 ಕೆ.ಜಿ., ಹಾಗಾಗಿ 840 ಕೆ.ಜಿ. ಆಮ್ಲಜನಕ. ಬರುವ 50 ಮಿ.ಗ್ರಾಂ ಸಾರಜನಕದಲ್ಲಿ ಸುಮಾರು 15 ಕೆಸರಿನ ಮೈಗೆ ಸೇರುತ್ತದೆ, 35 ನೈಟ್ರೇಟ್ ಆಗಬೇಕು. ಅದು ದಿನಕ್ಕೆ 84 ಕೆ.ಜಿ., ಅದಕ್ಕೆ 384 ಕೆ.ಜಿ. ಆಮ್ಲಜನಕ. ನೈಟ್ರೇಟ್ ಅನ್ನು ಮತ್ತೆ ಸಾರಜನಕ ಅನಿಲವಾಗಿ ಬಿಡಿಸಿದರೆ ಪ್ರತಿ ಕೆ.ಜಿ.ಗೆ 2.86 ಕೆ.ಜಿ. ಆಮ್ಲಜನಕ ವಾಪಸು ಸಿಗುತ್ತದೆ, 60 ಕೆ.ಜಿ. ಬಿಡಿಸಿದರೆ 172 ಕೆ.ಜಿ. ಉಳಿತಾಯ. ಒಟ್ಟು ಬೇಕಾದದ್ದು 1,052 ಕೆ.ಜಿ.

ಸಿಗುತ್ತಿರುವುದು ಎಷ್ಟು? ನಾಲ್ಕರಲ್ಲಿ ಒಂದು ಏರೇಟರಿನ ಗೇರ್‌ಬಾಕ್ಸ್ ಕೆಟ್ಟು ನಿಂತಿದೆ. ಮೂರು ಓಡುತ್ತವೆ, ಒಟ್ಟು 45 ಕಿಲೋವ್ಯಾಟ್. ಕೊಳಚೆನೀರಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 1.2 ಕೆ.ಜಿ. ಆಮ್ಲಜನಕ ಹಿಡಿದರೆ ಗಂಟೆಗೆ 54 ಕೆ.ಜಿ. ರಾತ್ರಿ ಎಂಟು ಗಂಟೆ ಎಲ್ಲವನ್ನೂ ನಿಲ್ಲಿಸುತ್ತಾರೆ, ವಿದ್ಯುತ್ ಬಿಲ್ಲು ಉಳಿಸಲು. ಉಳಿದ 16 ಗಂಟೆಗೆ 864 ಕೆ.ಜಿ.

ಬಿಒಡಿಗೆ ಮಾತ್ರ 840 ಬೇಕು, ಸಿಗುವುದು 864. ಬಿಒಡಿ ಪಾಸಾಗುವುದಕ್ಕೂ ಅಮೋನಿಯಾ ಹಾಗೆಯೇ ಹೊರಬೀಳುವುದಕ್ಕೂ ಈ ಎರಡು ಅಂಕಿಗಳೇ ವಿವರಣೆ. ಇಂಗಾಲ ತಿನ್ನುವ ಬ್ಯಾಕ್ಟೀರಿಯಾ ಕಡಿಮೆ ಆಮ್ಲಜನಕದಲ್ಲೂ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಅಮೋನಿಯಾದವು ಆಮ್ಲಜನಕ 0.5 ಮಿ.ಗ್ರಾಂಗಿಂತ ಕೆಳಗಿಳಿದರೆ ಬಹುಮಟ್ಟಿಗೆ ಕೈಚೆಲ್ಲುತ್ತವೆ. ಅದೇ ಮೂರು ಏರೇಟರ್ 24 ಗಂಟೆ ಓಡಿದರೆ 1,296 ಕೆ.ಜಿ. ಸಿಗುತ್ತದೆ, ಬೇಕಾದ್ದಕ್ಕಿಂತ ಹೆಚ್ಚು. ನಾಲ್ಕನೆಯದು ಬೇಕಾಗುವುದು ಬೆಳಗಿನ ಮತ್ತು ಸಂಜೆಯ ಏರುಹೊತ್ತಿಗೆ, ಗಂಟೆಗೆ 66 ಕೆ.ಜಿ. ಬೇಕಾದಾಗ. ಘಟಕ ಸಾಲದು, ದೊಡ್ಡದು ಕಟ್ಟಬೇಕು ಎಂದು ಟಿಪ್ಪಣಿ ಬರೆಯುವ ಮೊದಲು ಈ ಗುಣಾಕಾರ ಮಾಡಲೇಬೇಕು.

ರಾತ್ರಿ ನಿಲ್ಲಿಸುವುದರಿಂದ ಇನ್ನೊಂದು ಕೇಡಿದೆ. ಡಿಚ್‌ನಲ್ಲಿ ನೀರು ಸೆಕೆಂಡಿಗೆ 0.3 ಮೀಟರಿನಷ್ಟು ಹರಿಯುತ್ತಿದ್ದರೆ ಕೆಸರು ತೇಲಿಕೊಂಡಿರುತ್ತದೆ. ನಿಂತರೆ ತಳಕ್ಕೆ ಕೂರುತ್ತದೆ, ಬೆಳಗ್ಗೆ ಏರೇಟರ್ ಹಾಕಿದಾಗ ಮೂಲೆಯ ಕೆಸರು ಏಳುವುದೇ ಇಲ್ಲ, ಅಲ್ಲೇ ಕೊಳೆಯುತ್ತದೆ. ಅಳೆಯಲು ಉಪಕರಣ ಬೇಡ: ಒಂದು ಕಟ್ಟಿಗೆ ತುಂಡು ಹಾಕಿ, 10 ಮೀಟರ್ ಸಾಗಲು 33 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ ತಳದಲ್ಲಿ ಕೆಸರು ಕೂತಿದೆ ಎಂದೇ ತಿಳಿಯಿರಿ. ಮೇಲ್ಮೈಗಿಂತ ತಳದ ವೇಗ ಯಾವಾಗಲೂ ಕಡಿಮೆ.

ತೆಗೆಯದ ಕೆಸರು

ಈ ಪ್ರಕರಣದ ನಿಜವಾದ ಬೇರು ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ದಿನಕ್ಕೆ ಹುಟ್ಟುವ ಒಣ ಕೆಸರು ಸುಮಾರು 540 ಕೆ.ಜಿ. ಹೊರಬಿಡುವ ನೀರಿನ ಜೊತೆ 50 ಕೆ.ಜಿ. ಹೋದರೂ 490 ಕೆ.ಜಿ. ದಿನವೂ ತೆಗೆಯಬೇಕು. ಕ್ಲಾರಿಫೈಯರಿನ ತಳದಿಂದ ಡಿಚ್‌ಗೆ ವಾಪಸು ಪಂಪಾಗುವ ರಿಟರ್ನ್ ಕೆಸರಿನ ಸಾಂದ್ರತೆ ಲೀಟರಿಗೆ 8 ಗ್ರಾಂ ಇದ್ದರೆ ಅದು 61 ಘನ ಮೀಟರ್. ಹೊದಿಕೆ ಇಲ್ಲದ ಮರಳಿನ ಬೆಡ್ ವರ್ಷಕ್ಕೆ ಚದರ ಮೀಟರಿಗೆ ಸುಮಾರು 100 ಕೆ.ಜಿ. ಹಿಡಿಯುತ್ತದೆ, ಹಾಗಾದರೆ ಬೇಕಾದದ್ದು 1,800 ಚದರ ಮೀಟರ್, ಇರುವುದು 800.

ಬೆಡ್ ತುಂಬಿದ ಮೇಲೆ ಆಪರೇಟರ್ ಏನು ಮಾಡಬೇಕು? ಕೆಸರು ತೆಗೆಯುವುದನ್ನು ನಿಲ್ಲಿಸುತ್ತಾನೆ. ಎರಡು ವಾರದಲ್ಲಿ ಡಿಚ್‌ನ ಎಂಎಲ್‌ಎಸ್‌ಎಸ್ (ನೀರಿನಲ್ಲಿ ತೇಲುವ ಕೆಸರಿನ ಸಾಂದ್ರತೆ) ಲೀಟರಿಗೆ 3,500 ಮಿ.ಗ್ರಾಂನಿಂದ 6,000ಕ್ಕೆ ಏರುತ್ತದೆ. ಏರುಹೊತ್ತಿಗೆ ಗಂಟೆಗೆ 250 ಘನ ಮೀಟರ್ ಬಂದು, ಅದರ ಮೇಲೆ 78 ಘನ ಮೀಟರ್ ರಿಟರ್ನ್ ಸೇರಿದರೆ ಕ್ಲಾರಿಫೈಯರಿನ ಪ್ರತಿ ಚದರ ಮೀಟರಿಗೆ ಬೀಳುವ ಘನಭಾರ ಗಂಟೆಗೆ 5.7 ಕೆ.ಜಿ. ಇದ್ದದ್ದು 9.8 ಆಗುತ್ತದೆ. ಕೆಸರಿನ ಹಾಸು ಮೇಲೇರಿ ನೀರು ಹೊರಬೀಳುವ ಅಂಚನ್ನು (ವಿಯರ್) ದಾಟಿ ಹೊಳೆಗೆ ಸುರಿಯುತ್ತದೆ, ಹೆಚ್ಚಾಗಿ ಸಂಜೆ ಅಥವಾ ಮಳೆಯಲ್ಲಿ, ಯಾರೂ ಮಾದರಿ ತೆಗೆಯದ ಹೊತ್ತಿನಲ್ಲಿ. ದೂರು ಬಂದ ಮೇಲೆ ಗಾಬರಿಯಿಂದ ಒಂದೇ ಸಲಕ್ಕೆ ಮೂರರಲ್ಲಿ ಎರಡು ಪಾಲು ಕೆಸರು ಹೊರತೆಗೆಯುತ್ತಾರೆ. ನೈಟ್ರೀಕರಣದ, ಅಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ, ಬ್ಯಾಕ್ಟೀರಿಯಾವೂ ಅಷ್ಟೇ ಪಾಲು ಹೊರಗೆ ಹೋಗುತ್ತವೆ. ರಾತ್ರಿ ಗಾಳಿ ಇಲ್ಲದ ಡಿಚ್‌ನಲ್ಲಿ ಅವು ಚೇತರಿಸಿಕೊಳ್ಳುವುದರೊಳಗೆ ಮುಂದಿನ ಗಾಬರಿ ಬರುತ್ತದೆ. ಆಪರೇಟರನ್ನು ಬೈದು ಪ್ರಯೋಜನವಿಲ್ಲ; ಕೆಸರು ಹಾಕಲು ಅವನಿಗೆ ಜಾಗವನ್ನೇ ಕೊಟ್ಟಿಲ್ಲ.

ಜಾಗ ಮಾಡಿಕೊಡುವ ಅಗ್ಗದ ದಾರಿ ಮಂದಗೊಳಿಸುವ ತೊಟ್ಟಿ. 0.8 ಶೇಕಡದ ತೆಳು ಕೆಸರನ್ನು 25 ಸೆಂಟಿಮೀಟರ್ ಆಳಕ್ಕೆ ಹಾಸಿದರೆ ಚದರ ಮೀಟರಿಗೆ ಬೀಳುವುದು 2 ಕೆ.ಜಿ. ಮಾತ್ರ, ಉಳಿದದ್ದೆಲ್ಲ ನೀರು. ಅದೇ ಕೆಸರನ್ನು 2.5 ಶೇಕಡಕ್ಕೆ ಮಂದಗೊಳಿಸಿದರೆ 6 ಕೆ.ಜಿ. ದಾಟುತ್ತದೆ, ದಿನದ 61 ಘನ ಮೀಟರ್ 20ಕ್ಕೆ ಇಳಿಯುತ್ತದೆ. ಬೆಡ್‌ಗೆ ಪಾರದರ್ಶಕ ಚಾವಣಿ ಹಾಕಿ ಪಕ್ಕಗಳನ್ನು ತೆರೆದಿಟ್ಟರೆ ಮಳೆಗಾಲದಲ್ಲೂ ಒಣಗುತ್ತದೆ. ಇಷ್ಟಾದರೂ ಸಾಲದಿದ್ದರೆ ಕೆಸರು ಹಿಂಡಿ ನೀರು ತೆಗೆಯುವ ಸ್ಕ್ರೂ ಪ್ರೆಸ್. ಬೆಡ್‌ನಿಂದ ಸೋಸಿ ಬರುವ ನೀರು ಮತ್ತೆ ಘಟಕದ ಬಾಯಿಗೇ ಹೋಗಬೇಕು, ಮಳೆಚರಂಡಿಗೆ ಅಲ್ಲ.

ಸರಿಪಡಿಸುವ ಅನುಕ್ರಮ

ಅನುಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಮೊದಲು ಕೆಸರಿನ ಜಾಗ, ಆಮೇಲೆ ಗಾಳಿಯ ಗಂಟೆ. ಕೆಸರು ತೆಗೆಯುವುದು ದಿನಕ್ಕೆ ಒಂದಿಷ್ಟು, ರಜೆಯ ದಿನವೂ ಸೇರಿ. ಸಾಂದ್ರತೆ ಅಳೆಯಲು ಕಷ್ಟವಾದರೆ ನೇರ ಡಿಚ್‌ನಿಂದಲೇ ದಿನಕ್ಕೆ 160 ಘನ ಮೀಟರ್ ತೆಗೆದು ಮಂದ ತೊಟ್ಟಿಗೆ ಬಿಡಬಹುದು. 2,400ರ ಹದಿನೈದನೇ ಒಂದು ಪಾಲು ಅದು, ಆದ್ದರಿಂದ ಸಾಂದ್ರತೆ ಏನೇ ಇದ್ದರೂ ಕೆಸರಿನ ವಯಸ್ಸು ತಾನಾಗಿಯೇ 15 ದಿನಕ್ಕೆ ಹತ್ತಿರ ನಿಲ್ಲುತ್ತದೆ. ಸಣ್ಣ ಘಟಕಕ್ಕೆ ಇದಕ್ಕಿಂತ ಭದ್ರವಾದ ಪದ್ಧತಿ ಇಲ್ಲ. ಮಂದ ತೊಟ್ಟಿ ಮಾತ್ರ ಆ 160 ಘನ ಮೀಟರಿಗೆ ತಕ್ಕ ಗಾತ್ರದ್ದಿರಬೇಕು.

ಗಾಳಿ ಹೆಚ್ಚಿಸಿದ ಕೂಡಲೇ ಕ್ಷಾರೀಯತೆ ನೋಡಬೇಕು. ಒಂದು ಮಿ.ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ 7.14 ಮಿ.ಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. 35 ಮಿ.ಗ್ರಾಂಗೆ 250. ಇದ್ದ 300ರಲ್ಲಿ ಉಳಿಯುವುದು 50, ಅಷ್ಟರಲ್ಲಿ ಪಿಎಚ್ ಜಾರಿ ನೈಟ್ರೀಕರಣ ಕುಂಟತೊಡಗುತ್ತದೆ. ಪರಿಹಾರ ಡಿಚ್‌ನ ಒಂದು ಭಾಗವನ್ನು ಗಾಳಿ ಇಲ್ಲದಂತೆ ಇಡುವುದು. ಏರೇಟರಿನ ಮುಂದೆ ಆಮ್ಲಜನಕ 1.5ರಿಂದ 2 ಮಿ.ಗ್ರಾಂ ಇರಲಿ, ಸುತ್ತಿ ಮುಂದಿನ ಏರೇಟರಿಗೆ ಬರುವ ಹೊತ್ತಿಗೆ 0.3ಕ್ಕಿಂತ ಕೆಳಗಿಳಿಯಲಿ. ಆ ನಡುವಿನ ಉದ್ದದಲ್ಲಿ ಬ್ಯಾಕ್ಟೀರಿಯಾ ನೈಟ್ರೇಟಿನ ಆಮ್ಲಜನಕವನ್ನೇ ಉಸಿರಾಡುತ್ತವೆ, ಬಿಡಿಸಿದ ಪ್ರತಿ ಮಿ.ಗ್ರಾಂಗೆ 3.57 ಮಿ.ಗ್ರಾಂ ಕ್ಷಾರೀಯತೆ ಮರಳಿ ಬರುತ್ತದೆ. 25 ಮಿ.ಗ್ರಾಂ ಬಿಡಿಸಿದರೆ 89. ಉಳಿಕೆ 140ರ ಹತ್ತಿರ, ನೆಮ್ಮದಿಯ ಮಟ್ಟ. ಆ ಭಾಗದಲ್ಲಿ ಕೆಸರು ಕೂರದಂತೆ ಒಂದು ಮುಳುಗು ಮಿಕ್ಸರ್ ಬೇಕು. ಇದು ಹೊಂದಿಕೊಳ್ಳುವವರೆಗೆ ಕ್ಷಾರೀಯತೆ ಸಾಲದಿದ್ದರೆ ಅರಳಿದ ಸುಣ್ಣ ದಿನಕ್ಕೆ 90 ಕೆ.ಜಿ. ಹಾಕಿದರೆ ಲೀಟರಿಗೆ 50 ಮಿ.ಗ್ರಾಂ ಏರುತ್ತದೆ. ತಿಳಿಯಾಗಿ ಕಲಸಿ ಹೊತ್ತುಹೊತ್ತಿಗೆ ಹಾಕಬೇಕು, ಒಂದೇ ಸಲಕ್ಕೆ ಚೀಲ ಸುರಿದರೆ ಪಿಎಚ್ ಹಾರುತ್ತದೆ.

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿಗಳನ್ನೂ ಇಲ್ಲೇ ಹಿಡಿತಕ್ಕೆ ತರಬೇಕು. 4 ಘನ ಮೀಟರಿನ ಒಂದು ಲಾರಿಯಲ್ಲಿ ಬಿಒಡಿ 5,000 ಮಿ.ಗ್ರಾಂ ಇದ್ದರೆ 20 ಕೆ.ಜಿ. ಮೂರು ಲಾರಿ ಒಂದೇ ಗಂಟೆಯಲ್ಲಿ ಸುರಿದರೆ 60 ಕೆ.ಜಿ., ಇಡೀ ಪಟ್ಟಣದ ಗಂಟೆಯ ಸರಾಸರಿಯ ಎರಡು ಪಟ್ಟು. 15 ಘನ ಮೀಟರಿನ ತೊಟ್ಟಿಯಲ್ಲಿ ಜಾಲರಿ ಹಾಕಿ ಹಿಡಿದಿಟ್ಟು, ರಾತ್ರಿ ಹರಿವು ಇಳಿದಾಗ ಸಣ್ಣಗೆ ಬಿಡಬೇಕು. ತಿರಸ್ಕರಿಸಿದರೆ ಆ ಲಾರಿ ನೇರ ಹೊಳೆದಂಡೆಗೇ ಹೋಗುತ್ತದೆ.

ನೈಟ್ರೀಕರಣ ನೆಲೆಗೊಳ್ಳಲು ಮೂರರಿಂದ ನಾಲ್ಕು ವಾರ ಕೊಡಬೇಕು. ನಡುವೆ ನೈಟ್ರೈಟ್ (ಅಮೋನಿಯಾ ನೈಟ್ರೇಟ್ ಆಗುವ ನಡುವಿನ ರೂಪ) ಏರುವ ಕೆಲವು ದಿನಗಳು ಬರುತ್ತವೆ. ಅದು ಮೀನಿನ ರಕ್ತಕ್ಕೆ ಕೆಟ್ಟದ್ದು, ಜೊತೆಗೆ ಒಂದು ಮಿ.ಗ್ರಾಂ ನೈಟ್ರೈಟ್ ಸಾರಜನಕ 5 ಮಿ.ಗ್ರಾಂ ಕ್ಲೋರಿನ್ ನುಂಗುತ್ತದೆ. ಕ್ಲೋರಿನ್ ಎಷ್ಟು ಹಾಕಿದರೂ ಉಳಿಕೆ ಕಾಣುವುದಿಲ್ಲ ಎಂದು ಆಪರೇಟರ್ ಹೇಳಿದರೆ ಮೊದಲು ನೈಟ್ರೈಟ್ ಅಳೆಯಿರಿ. ಆದ್ದರಿಂದ ಈ ಬದಲಾವಣೆಯನ್ನು ಹೊಳೆಯಲ್ಲಿ ನೀರು ಚೆನ್ನಾಗಿರುವ ತಿಂಗಳಲ್ಲೇ ಶುರುಮಾಡಬೇಕು. ಇನ್ನು ಉಳಿಕೆ ಕ್ಲೋರಿನ್ ಕೂಡ ಲೀಟರಿಗೆ ಒಂದು ಮಿ.ಗ್ರಾಂನ ನೂರರಲ್ಲಿ ಕೆಲವೇ ಪಾಲು ಇದ್ದರೂ ಮೀನಿಗೆ ವಿಷ. ಕೊಳವೆಗೆ ಬಿಡುವ ಮೊದಲು ಸೋಡಿಯಂ ಬೈಸಲ್ಫೈಟಿನಿಂದ ಅದನ್ನು ಕೊಲ್ಲಬೇಕು.

ದಿನದ ಪುಸ್ತಕದಲ್ಲಿ ನಾಲ್ಕು ಅಂಕಿ ಸಾಕು: ಡಿಚ್‌ನ ಎರಡು ಜಾಗದ ಆಮ್ಲಜನಕ, ಒಂದು ಲೀಟರ್ ಜಾಡಿಯಲ್ಲಿ 30 ನಿಮಿಷಕ್ಕೆ ಕೂತ ಕೆಸರು, ಹೊರಬಿಡುವ ನೀರಿನ ಅಮೋನಿಯಾ (ಪಟ್ಟಿಯ ಕಿಟ್ ಸಾಕು), ಕ್ಷಾರೀಯತೆ. 3,500 ಎಂಎಲ್‌ಎಸ್‌ಎಸ್‌ಗೆ ಜಾಡಿಯಲ್ಲಿ 350 ಮಿ.ಲೀ. ಕೂತರೆ ಕೆಸರು ಆರೋಗ್ಯವಾಗಿದೆ. ಅಷ್ಟೇ ಎಂಎಲ್‌ಎಸ್‌ಎಸ್‌ಗೆ 700 ಕಂಡರೆ ಕೆಸರು ಕೂರದಂತೆ ಮಾಡುವ ನಾರಿನಂಥ ಬ್ಯಾಕ್ಟೀರಿಯಾ ಬೆಳೆದಿವೆ, ಆಮ್ಲಜನಕ ಎಲ್ಲೋ ಕಡಿಮೆ ಬಿದ್ದಿದೆ. ಕೂತ ಕೆಸರು ಒಂದೆರಡು ಗಂಟೆಯಲ್ಲಿ ಗುಳ್ಳೆ ಕಟ್ಟಿ ಮೇಲೇಳತೊಡಗಿದರೆ ಕ್ಲಾರಿಫೈಯರಿನೊಳಗೇ ನೈಟ್ರೇಟ್ ಸಾರಜನಕ ಅನಿಲವಾಗುತ್ತಿದೆ. ರಿಟರ್ನ್ ಪಂಪಿನ ವೇಗ ಹೆಚ್ಚಿಸಬೇಕು.

ಹೊಳೆ ಇನ್ನೂ ಸೊರಗಿದರೆ

ಇಷ್ಟೆಲ್ಲ ಮಾಡಿ ಹೊರಬಿಡುವ ನೀರಿನ ಅಮೋನಿಯಾ 2, ಬಿಒಡಿ 8ಕ್ಕೆ ಇಳಿದರೆ 150 ಲೀಟರ್ ಹರಿವಿನಲ್ಲಿ ಬೆರೆತ ಅಮೋನಿಯಾ 0.5 ಮಿ.ಗ್ರಾಂ ಒಳಗೆ, ಪಿಎಚ್ 8.6ರಲ್ಲೂ ವಿಷರೂಪ 0.1ರ ಒಳಗೆ. ಆದರೆ ಬರದ ವರ್ಷ ಹೊಳೆ 60 ಲೀಟರಿಗೆ ಇಳಿದರೆ ಬೆರೆತ ಅಮೋನಿಯಾ ಮತ್ತೆ 0.77, ಮಧ್ಯಾಹ್ನದ ವಿಷರೂಪ 0.15. ಘಟಕದ ಕೈಯಲ್ಲಿ ಇದಕ್ಕಿಂತ ಹೆಚ್ಚಿನದಿಲ್ಲ. ಆ ಎರಡು ತಿಂಗಳು ನೀರನ್ನು ಹೊಳೆಗೆ ಬಿಡದೆ ನೆಲಕ್ಕೆ ಹಾಯಿಸುವುದೇ ಸರಿ. ದಿನಕ್ಕೆ 5 ಮಿಲಿಮೀಟರ್ ಲೆಕ್ಕದಲ್ಲಿ 2,400 ಘನ ಮೀಟರಿಗೆ 48 ಹೆಕ್ಟೇರ್ ಬೇಕು. ನೀರಿನಲ್ಲಿ ಉಳಿದ 12 ಮಿ.ಗ್ರಾಂ ಸಾರಜನಕ (ಅಮೋನಿಯಾ 2, ನೈಟ್ರೇಟ್ 10) ಅರವತ್ತು ದಿನದಲ್ಲಿ ಹೆಕ್ಟೇರಿಗೆ 36 ಕೆ.ಜಿ. ಆಗುತ್ತದೆ, ಅಷ್ಟನ್ನು ಬೆಳೆ ಹೀರಿಕೊಳ್ಳುತ್ತದೆ, ಬಾವಿಗೆ ಇಳಿಯುವ ಭಯ ಕಡಿಮೆ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಈ ನೀರು ಬೇಡ: ಕ್ಲೋರಿನ್ ದಾಟಿಯೂ ಜಂತುಹುಳುವಿನ ಮೊಟ್ಟೆ ಉಳಿಯುತ್ತದೆ. ಮೇವು, ನಾರು, ಮರದ ತೋಟ ಸರಿ. ತುಂತುರಿನಲ್ಲಿ ಅಲ್ಲ, ಸಾಲುಗಾಲುವೆಯಲ್ಲಿ. ರೈತರೊಂದಿಗೆ ಒಪ್ಪಂದ, ಕೊಳವೆ, ಗೇಟ್‌ವಾಲ್ವ್ ಎಲ್ಲವೂ ಹರಿವು 60ಕ್ಕೆ ಇಳಿಯುವ ಮೊದಲೇ ಸಿದ್ಧವಿರಬೇಕು, ಹೊಳೆಯ ಅಳತೆಗೋಲಿನ ಮೇಲೆ ಆ ಮಟ್ಟಕ್ಕೆ ಒಂದು ಗೆರೆ ಎಳೆದಿರಬೇಕು.